ಭಜನಾ ಮಂದಿರದ ಚಪ್ಪರದಲ್ಲಿ ಹರಡಿದ ನಕ್ಷೆ

2020ರ ಡಿಸೆಂಬರ್. ಕೊರೊನಾ ಇನ್ನೂ ಊರು ಬಿಟ್ಟಿರಲಿಲ್ಲ, ಪಂಚಾಯ್ತಿ ಎಲೆಕ್ಷನ್ ಬಂದೇಬಿಟ್ಟಿತು. ರಾಜ್ಯದಲ್ಲಿ 22 ಮತ್ತು 27ರಂದು ಎರಡು ಹಂತದ ಮತದಾನ, 30ಕ್ಕೆ ಎಣಿಕೆ. ಮರವಂತೆ ದಾಟಿ ಬೈಂದೂರಿನ ಕಡೆ ಹೋಗುವಾಗ ಎಡಕ್ಕೆ ತೆಂಗಿನ ತೋಟಗಳ ನಡುವೆ ಇಳಿಯುವ ದಾರಿಗಳು ಇವೆಯಲ್ಲ, ಅಂಥದೊಂದು ದಾರಿಯ ಕೊನೆಯಲ್ಲಿ ನಮ್ಮ ವಾರ್ಡು. ಹೆದ್ದಾರಿಗೂ ಕಡಲಿಗೂ ನಡುವೆ ಸಿಕ್ಕಿಕೊಂಡ ಊರು. ಹಿಂದೆ ಸರಿಯೋಣವೆಂದರೆ ನಾಲ್ಕು ಪಥದ ರಸ್ತೆ, ಮುಂದೆ ಹೋಗೋಣವೆಂದರೆ ನೀರು.

ಗ್ರಾಮ ಪಂಚಾಯ್ತಿಗೆ ಪಕ್ಷದ ಚಿಹ್ನೆ ಇಲ್ಲ, ಗೊತ್ತಲ್ಲ. ಆದರೂ ಯಾರು ಯಾವ ಪಕ್ಷದ ‘ಬೆಂಬಲಿತ’ ಎಂದು ಮಕ್ಕಳಿಗೂ ತಿಳಿದಿತ್ತು. ಆ ಸಲ ಮಾತ್ರ ಜನ ಪಕ್ಷಕ್ಕಿಂತ ಹೆಚ್ಚು ಕಡಲಿನ ವಿಷಯವನ್ನೇ ಎತ್ತಿದರು. ಹಿಂದಿನ ಮಳೆಗಾಲಗಳಲ್ಲಿ ತೆಂಗಿನ ಮರಗಳು ಸಾಲಾಗಿ ಬುಡ ಕಳಚಿ ಬಿದ್ದಿದ್ದವು. ಸೆಪ್ಟೆಂಬರಿನ ನೆರೆ ಬೇರೆ. ಹಾಗಾಗಿ ಊರಿನ ಹಿರಿಯರು ಒಂದು ನಿರ್ಧಾರಕ್ಕೆ ಬಂದರು: ಮನೆಮನೆಗೆ ಬಂದು ಕೈ ಮುಗಿದರೆ ಸಾಲದು, ನಿಂತವರೆಲ್ಲ ಒಂದು ಸಂಜೆ ಭಜನಾ ಮಂದಿರದ ಚಪ್ಪರಕ್ಕೆ ಬರಲಿ, ಎಲ್ಲರ ಎದುರು ಮಾತಾಡಲಿ.

ಬಂದರು. ಮಾಸ್ಕು ಗದ್ದಕ್ಕೆ ಇಳಿಸಿಕೊಂಡು ಜನವೂ ಬಂತು.

ಮೊದಲು ಎದ್ದವನು ಮುಂಬೈಯಲ್ಲಿ ಹೋಟೆಲ್ ಮಾಡಿ ಲಾಕ್‌ಡೌನಿನಲ್ಲಿ ಊರಿಗೆ ಮರಳಿದ ಹುಡುಗ. ಒಳ್ಳೆಯ ಮನಸ್ಸಿನವನೇ. ಕಡಲ ದಂಡೆಯುದ್ದಕ್ಕೂ ಕಾಂಕ್ರೀಟ್ ರಸ್ತೆ, ದೀಪ, ಕೂರಲು ಕಲ್ಲುಬೆಂಚು, ಹೋಮ್‌ಸ್ಟೇ. ಪ್ರವಾಸಿಗಳು ಬಂದರೆ ನಮ್ಮ ಮಕ್ಕಳಿಗೆ ಇಲ್ಲೇ ಕೆಲಸ ಎಂದ. ಊರು ಬಿಟ್ಟು ಹೋಗಿ ಕಷ್ಟಪಟ್ಟವನ ಮಾತು ಅದು, ತಳ್ಳಿಹಾಕುವಂಥದ್ದಲ್ಲ. ಎರಡನೆಯವರು ಹಿಂದೆ ಸದಸ್ಯರಾಗಿದ್ದವರು. ‘ಈ ಸಲ ತಡೆಗೋಡೆ ಮಾಡಿಸಿಯೇ ಸಿದ್ಧ’ ಎಂದರು. ಚಪ್ಪಾಳೆ ಬಿತ್ತು.

ಮೂರನೆಯವಳು ಒಣಮೀನು ಮಾರುವ ಅಕ್ಕ. ಮಹಿಳಾ ಮೀಸಲು ಸ್ಥಾನಕ್ಕೆ ನಿಂತಿದ್ದಳು, ಚಿಹ್ನೆ ಹೊಲಿಗೆ ಯಂತ್ರ. ಕೈರಂಪಣಿ ಬಲೆ ಎಳೆಯುವವರ ಮನೆಯ ಮಗಳು. ಮಾತಾಡುವ ಮೊದಲು ಚೀಲದಿಂದ ಒಂದು ಸುರುಳಿ ತೆಗೆದು ಚಪ್ಪರದ ನೆಲದ ಮೇಲೆ ಹರಡಿ, ನಾಲ್ಕು ಮೂಲೆಗೂ ಕಲ್ಲಿಟ್ಟಳು. ಸರ್ವೆ ಕಚೇರಿಯಿಂದ ತರಿಸಿದ ಗ್ರಾಮ ನಕ್ಷೆ. ಸರ್ವೆ ನಂಬರುಗಳು, ಗಡಿಗೆರೆಗಳು, ನಡುವೆ ಕಾಲುದಾರಿಯ ಚುಕ್ಕೆಗಳು. ಪಶ್ಚಿಮದ ಅಂಚಿನಲ್ಲಿ ಅವಳೇ ನೀಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದಿದ್ದಳು, ಈಗ ನೀರು ಬಂದು ನಿಲ್ಲುವ ಜಾಗ. ಗೆರೆಯಾಚೆ ಕೆಲವು ಸರ್ವೆ ನಂಬರುಗಳು ಇಡಿಯಾಗಿ ಉಳಿದಿದ್ದವು.

ಮುದುಕರೊಬ್ಬರು ಬಗ್ಗಿ ನೋಡಿದರು. ‘ಹೋಯ್, ನಂಗ್ಳ್ ಹಳಿ ಮನಿ ಇದ್ರಗೆ ಎಲ್ಲಿತ್ತ್?’

ಅವಳು ಬೆರಳಿಟ್ಟು ತೋರಿಸಿದಳು. ‘ಇಲ್ಲ್ ಕಾಣಿ, ಅಜ್ಜಯ್ಯ.’ ಬೆರಳು ನೀಲಿ ಗೆರೆಯಾಚೆ ಇತ್ತು. ಅವರು ಬಹಳ ಹೊತ್ತು ಅಲ್ಲೇ ನೋಡಿದರು. ‘ಆರ್‌ಟಿಸಿ ಇತ್ತ್. ಜಾಗ ಇಲ್ಲ’ ಎಂದರು. ಚಪ್ಪರದಲ್ಲಿ ಆಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬೊಬ್ಬರೇ ಎದ್ದುಬಂದು ತಮ್ಮ ತಮ್ಮ ನಂಬರು ಹುಡುಕತೊಡಗಿದರು.

ಆಮೇಲೆ ಅವಳು ಆಡಿದ ಮಾತು ನನಗೆ ಇವತ್ತಿಗೂ ನೆನಪಿದೆ. ‘ಕಲ್ಲ್ ಹಾಕ್ಸ್ತೆ ಅಂದ್ ನಾ ಹೇಳುದಿಲ್ಲ. ಅದ್ ಪಂಚಾಯ್ತಿ ಕೈಯಗಿಲ್ಲ.’

ಓಟು ಕೇಳಲು ನಿಂತವರ ಬಾಯಲ್ಲಿ ಇಂಥ ಮಾತು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಅವಳು ಹೇಳಿದ್ದು ನಿಜ. ಕಡಲಿಗೆ ಕಲ್ಲು ಹಾಕುವುದು ಬಂದರು ಇಲಾಖೆಯ ಕೆಲಸ, ದುಡ್ಡು ಬರುವುದೂ ಮೇಲಿನಿಂದ. ಹಾಕಿದ ಕಲ್ಲೂ ಮಳೆಗಾಲದಲ್ಲಿ ಹೊಯ್ಗೆಯೊಳಗೆ ಕುಸಿಯುತ್ತದೆ. ಗೋಡೆ ಮುಗಿಯುವ ತುದಿಯಲ್ಲಿ ಕೊರೆತ ಹೆಚ್ಚಾಗಿ, ಪಕ್ಕದವರ ತೋಟ ಹೋಗುತ್ತದೆ. ಇದನ್ನು ಕರಾವಳಿಯವರಿಗೆ ಯಾರೂ ಕಲಿಸಬೇಕಾಗಿಲ್ಲ.

ಇನ್ನು ದಂಡೆಯ ರಸ್ತೆ, ಕಟ್ಟಡದ ಮಾತು. ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯ ಎಂಬ ಮಾತನ್ನು ನಮ್ಮಲ್ಲಿ ಬೈಗುಳದ ಹಾಗೆ ಬಳಸುತ್ತಾರೆ. 1991ರಲ್ಲಿ ಮೊದಲ ಅಧಿಸೂಚನೆ, 2011ರಲ್ಲಿ ಇನ್ನೊಂದು, 2019ರಲ್ಲಿ ಮತ್ತೊಂದು. ಭರತದ ನೀರು ಏರುವ ಗೆರೆಯಿಂದ 500 ಮೀಟರ್ ತನಕ ಅದರ ಹಿಡಿತ. ನಮ್ಮಂಥ ಹಳ್ಳಿಗಳಲ್ಲಿ 2011ರ ನಿಯಮದಂತೆ 200 ಮೀಟರಿನೊಳಗೆ ಹೊಸ ಕಟ್ಟಡ ಇಲ್ಲ, 100ರಿಂದ 200ರ ನಡುವೆ ಮೀನುಗಾರರಂಥ ಸಾಂಪ್ರದಾಯಿಕ ಸಮುದಾಯದವರ ಮನೆಗೆ ಮಾತ್ರ ಅವಕಾಶ. 2019ರದ್ದು ಜನಸಾಂದ್ರತೆ ಹೆಚ್ಚಿರುವ ಕಡೆ, ಅಂದರೆ 2011ರ ಗಣತಿಯಂತೆ ಚದರ ಕಿಲೋಮೀಟರಿಗೆ 2161ಕ್ಕಿಂತ ಜಾಸ್ತಿ ಜನ ಇರುವ ಹಳ್ಳಿಗಳಲ್ಲಿ, ಆ 200ನ್ನು 50ಕ್ಕೆ ಇಳಿಸಿತು. ಉಳಿದ ಹಳ್ಳಿಗಳಿಗೆ 200 ಹಾಗೆಯೇ ಉಳಿಯಿತು. ಆ ಗೆರೆಯನ್ನು ಈಚೆಗೋ ಆಚೆಗೋ ಸರಿಸುವ ಅಧಿಕಾರ ಯಾವ ಪಂಚಾಯ್ತಿ ಸದಸ್ಯನಿಗೂ ಇಲ್ಲ. ಮನೆ ಕಳೆದುಕೊಂಡವನು ಹೆದ್ದಾರಿಯ ಪಕ್ಕ ಸಣ್ಣ ಜಾಗ ಹೊಂದಿಸಿಕೊಂಡರೂ ಕನ್ವರ್ಷನ್ ಆಗಬೇಕು, ಪಂಚಾಯ್ತಿಯ ‘ನೈನ್ ಇಲೆವೆನ್’ ನಮೂನೆ ಆಗಬೇಕು. ಆ ಕಾಗದಗಳಿಗಾಗಿ ಅಲೆದು ಚಪ್ಪಲಿ ಸವೆದವರು ಆ ಚಪ್ಪರದಲ್ಲೇ ಎಷ್ಟೋ ಮಂದಿ ಕೂತಿದ್ದರು.

ಹಾಗಾದರೆ ಪಂಚಾಯ್ತಿ ಏನು ಮಾಡಬಹುದು? ಮುಂಬೈ ಹುಡುಗ ಸ್ವಲ್ಪ ಖಾರವಾಗಿಯೇ ಕೇಳಿದ. ‘ಮತ್ತೆ ನೀವ್ ಗೆದ್ದ್ ಎಂತ ಮಾಡ್ತ್ರಿ, ಅಕ್ಕ? ಹೇಳಿ ಕಾಂಬ.’

ಅವಳು ಮತ್ತೆ ನಕ್ಷೆಗೆ ಬಗ್ಗಿದಳು. ಎರಡು ಕಡೆ ಕೈ ಇಟ್ಟಳು. ಮೊದಲನೆಯದು ದಂಡೆಯ ಮೇಲಿನ ಪರಂಬೋಕು ತುಂಡು. ದೋಣಿ ಎಳೆದಿಡುವುದು ಅಲ್ಲೇ, ಹಳೆಯ ಬಲೆ ಹಾಸಿ ಚಟ್ಲಿ, ಬೈಗೆ ಒಣಗಿಸುವುದು ಅಲ್ಲೇ. ಕಾಗದದಲ್ಲಿ ಅದು ಬರೀ ಸರ್ಕಾರಿ ಜಾಗ. ನಾಳೆ ಯಾರೋ ಪಾರ್ಕು ಮಾಡುತ್ತೇವೆ, ಪಾರ್ಕಿಂಗ್ ಮಾಡುತ್ತೇವೆ ಎಂದು ಬಂದರೆ ಇದು ಮೀನು ಒಣಗಿಸುವ ಜಾಗ ಎಂದು ತೋರಿಸಲು ನಮ್ಮ ಹತ್ತಿರ ಒಂದು ಚೀಟಿಯೂ ಇಲ್ಲ. ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ, ಮೀನುಗಾರರ ಬಳಕೆಗೆ ಕಾದಿರಿಸಲು ತಹಶೀಲ್ದಾರರಿಗೆ ಬರೆಸುತ್ತೇನೆ ಎಂದಳು. ಎರಡನೆಯದು ಆ ಚುಕ್ಕೆಗಳ ಕಾಲುದಾರಿ. ತೋಟ ಕೊಂಡ ಹೊರಗಿನವರೊಬ್ಬರು ಅಷ್ಟರಲ್ಲೇ ಅದಕ್ಕೆ ಮುಳ್ಳುತಂತಿ ಹಾಕಿದ್ದರು. ಹೆಂಗಸರು ಬುಟ್ಟಿ ಹೊತ್ತು ಸುತ್ತು ಬಳಸಿ ಹೋಗಬೇಕಿತ್ತು. ಕಟ್ಟಡಕ್ಕೆ ಪರವಾನಗಿ ಕೊಡುವುದು ಪಂಚಾಯ್ತಿ. ಕಡಲಿಗೆ ಹೋಗುವ ದಾರಿ ಮುಚ್ಚಿದವರ ಅರ್ಜಿ ಬಂದಾಗ ಸಭೆಯಲ್ಲಿ ಎದ್ದು ಮಾತಾಡಲು ಒಬ್ಬರು ಬೇಕು, ಅಷ್ಟೇ ನಾನು ಕೇಳುವುದು ಎಂದಳು.

ಅಭಿವೃದ್ಧಿ ಎಂದರೆ ಹೊಸದಾಗಿ ಏನಾದರೂ ಕಟ್ಟಬೇಕು ಎಂದು ನಾವೆಲ್ಲ ನಂಬಿ ಕೂತಿದ್ದೇವೆ. ಇರುವ ದಾರಿ, ಇರುವ ಅಂಗಳ ಉಳಿಸಿಕೊಳ್ಳುವುದೂ ಯೋಜನೆಯೇ, ಅದಕ್ಕೂ ನಕ್ಷೆ ಬೇಕು, ಸಹಿ ಬೇಕು ಎಂದು ಆ ಸಂಜೆ ಅವಳು ತೋರಿಸಿಕೊಟ್ಟಳು. ಪಟ್ಟಣದ ಯೋಜನಾ ಕಚೇರಿಗಳಲ್ಲಿ ಕೂತವರಿಗೆ ಇದು ಕಾಣುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅವರ ಕಣ್ಣಿಗೆ ಹೊಯ್ಗೆ ಖಾಲಿ ಜಾಗ. ನಮ್ಮವರಿಗೆ ಅದು ಕೆಲಸದ ಅಂಗಳ.

ಎಣಿಕೆಯ ದಿನ ಅವಳು ಗೆದ್ದಳು. ಮುಂಬೈ ಹುಡುಗನೂ ಗೆದ್ದ, ನಮ್ಮದು ಒಂದಕ್ಕಿಂತ ಹೆಚ್ಚು ಸ್ಥಾನಗಳ ವಾರ್ಡು. ಮುಂದಿನ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂತು. ಅವನು ರಸ್ತೆ ಮಾಡಬೇಕೆಂದಿದ್ದ ಜಾಗದ ಒಂದು ಭಾಗವನ್ನು ಕಡಲು ಎಳೆದುಕೊಂಡಿತು. ಅವನೇ ಅಲ್ಲಿ ನಿಂತು ದೋಣಿಗಳನ್ನು ಮೇಲಕ್ಕೆ ಎಳೆಯಲು ಹೆಗಲು ಕೊಟ್ಟ. ಆ ನಂತರದ ಗ್ರಾಮಸಭೆಯಲ್ಲಿ ಒಣಮೀನಿನ ಜಾಗದ ನಿರ್ಣಯವನ್ನು ಅವಳು ಮಂಡಿಸಿದಾಗ ಅನುಮೋದಿಸಿದವನೂ ಅವನೇ.

ಕಾಲುದಾರಿಯ ಮುಳ್ಳುತಂತಿ ಬಿಚ್ಚಿದ್ದಾಯಿತು, ದಾರಿ ಈಗ ತೆರೆದಿದೆ. ಜಾಗ ಕಾದಿರಿಸುವ ಕಾಗದ ಮಾತ್ರ ಮೇಜಿನಿಂದ ಮೇಜಿಗೆ ಹೋಗುತ್ತಲೇ ಇತ್ತು, ಅವಳ ಅವಧಿಯಲ್ಲಿ ಮುಗಿಯಲಿಲ್ಲ. ನಿರ್ಣಯದ ಪ್ರತಿಯೊಂದು ನನ್ನ ಹತ್ತಿರ ಇದೆ. ಮುಂದಿನ ಸಲ ಓಟು ಕೇಳಲು ಯಾರೇ ಬರಲಿ, ಅದರ ನಂಬರು ಹೇಳಿ ‘ಇದನ್ನ್ ಮುಂದೆ ತಕಂಡ್ ಹೋತ್ರ್ಯಾ?’ ಎಂದು ಮೊದಲು ಕೇಳುವುದೆಂದು ಊರಿನವರೆಲ್ಲ ಮಾತಾಡಿಕೊಂಡಿದ್ದೇವೆ.