ಮನೆ ಕಾದು ಮೈಸೂರು ಕಂಡದ್ದು

"ದೇಶ ಸುತ್ತಿ ನೋಡು, ಕೋಶ ಓದಿ ನೋಡು" ಎಂದು ತರಗತಿಯಲ್ಲಿ ಹೇಳುವುದು ಸುಲಭ. ಗಾದೆಯ ಎರಡನೆಯ ಅರ್ಧವನ್ನು ನಮ್ಮ ಶಾಲೆಯ ಗ್ರಂಥಾಲಯ ಒಂದು ಪೈಸೆಯೂ ಕೇಳದೆ ನಡೆಸಿಕೊಡುತ್ತದೆ. ಮೊದಲನೆಯ ಅರ್ಧಕ್ಕೆ ಮಾತ್ರ ಕಿಸೆ ಮುಟ್ಟಿ ನೋಡಿಕೊಳ್ಳಬೇಕಾಗುತ್ತದೆ. ನಮ್ಮದು ಐದು ಜನರ ಸಂಸಾರ: ಅಮ್ಮ, ನಾವಿಬ್ಬರು, ಮಗಳು, ಮಗ. ಮೈಸೂರಿನಲ್ಲಿ ಹತ್ತು ದಿನ ನಿಲ್ಲಬೇಕೆಂದರೆ ವಸತಿಗೃಹದಲ್ಲಿ ಎರಡು ಕೋಣೆ ಬೇಕು. ದಿನಕ್ಕೆ ಎರಡು ಸಾವಿರ ಎಂದು ಹಿಡಿದರೂ ಇಪ್ಪತ್ತು ಸಾವಿರ ರೂಪಾಯಿ. ಊಟ ತಿಂಡಿಯ ಲೆಕ್ಕ ಬೇರೆ. ಹೀಗೆ ಪ್ರತಿ ಬೇಸಗೆಯಲ್ಲೂ ನಮ್ಮ ಮೈಸೂರು ಪ್ರವಾಸ ಕಾಗದದ ಮೇಲೆ ಹೊರಟು ಕಾಗದದ ಮೇಲೆಯೇ ಮುಗಿಯುತ್ತಿತ್ತು.

2024ರ ಏಪ್ರಿಲ್ ತಿಂಗಳಲ್ಲಿ ಮೈಸೂರಿನಿಂದ ಗೆಳೆಯನೊಬ್ಬ ಫೋನು ಮಾಡಿದ. ನಾವಿಬ್ಬರೂ ಶಿಕ್ಷಕರ ತರಬೇತಿಯಲ್ಲಿ ಒಂದೇ ಬೆಂಚಿನವರು. ಅವನು ಹೆಂಡತಿಯೊಂದಿಗೆ ಬದರಿ–ಕೇದಾರ ಯಾತ್ರೆಗೆ ಹೊರಟಿದ್ದ. "ಎಲ್ಲ ಸರಿಯಾಗಿದೆ ಮಾರಾಯ, ನಾಯಿಯದ್ದೇ ಚಿಂತೆ. ನೀವು ಮನೆಮಂದಿಯೆಲ್ಲ ಬಂದು ನಮ್ಮ ಮನೆಯಲ್ಲಿರಿ. ನಾಯಿಗೆ ಊಟ ಹಾಕಿ, ಗಿಡಗಳಿಗೆ ನೀರು ಹಾಕಿ, ಉಳಿದ ಹೊತ್ತು ಊರು ನೋಡಿ" ಎಂದ. ಬಾಡಿಗೆ ಇಲ್ಲ, ಸಂಬಳವೂ ಇಲ್ಲ. ಅವನಿಗೆ ಕಾವಲು, ನಮಗೆ ಸೂರು.

ಈ ವಿಚಾರವನ್ನು ಮನೆಯಲ್ಲಿ ಹೇಳಿದಾಗ ಮಗಳು, "ಇದು ವಿದೇಶಗಳಲ್ಲಿ ದೊಡ್ಡ ಏರ್ಪಾಡೇ ಆಗಿದೆ ಅಪ್ಪ" ಎಂದಳು. ನಿಜ. ಬ್ರಿಟನ್, ಆಸ್ಟ್ರೇಲಿಯ ಮೊದಲಾದ ಕಡೆ ವಾರ್ಷಿಕ ಚಂದಾ ತೆತ್ತು ಸದಸ್ಯರಾದವರು ಅಪರಿಚಿತರ ಮನೆಯನ್ನೂ ನಾಯಿ ಬೆಕ್ಕುಗಳನ್ನೂ ನೋಡಿಕೊಂಡು ಊರಿಂದೂರಿಗೆ ಸಂಚರಿಸುತ್ತಾರೆ. ಹಿಂದೆ ಇದ್ದ ಮನೆಯವರು ಬರೆದ ನಾಲ್ಕು ಒಳ್ಳೆಯ ಮಾತೇ ಅವರ ಅರ್ಹತಾಪತ್ರ. ಆದರೆ ಪರದೇಶದಲ್ಲಿ ಹೀಗೆ ಇರಹೊರಡುವವರು ಅಲ್ಲಿನ ಕಾನೂನನ್ನು ಮೊದಲೇ ತಿಳಿದಿರಬೇಕು. ಸಂಬಳವಿಲ್ಲದಿದ್ದರೂ ವಸತಿಗೆ ಬದಲಾಗಿ ಮಾಡುವ ಸೇವೆಯನ್ನು ಕೆಲವು ದೇಶಗಳು ಉದ್ಯೋಗವೆಂದೇ ಎಣಿಸಿ, ಪ್ರವಾಸಿ ವೀಸಾದಲ್ಲಿ ಬಂದವರನ್ನು ಹಿಂದೆ ಕಳುಹಿಸುವುದುಂಟು.

ಆದರೆ ಮಕ್ಕಳೇ, ಮನೆ ಕಾಯುವುದು ನಮ್ಮ ಕಾಸರಗೋಡಿನ ಕಡೆಗೆ ಹೊಸತೇ? ಹಿಂದೆ ಮನೆಮಂದಿಯೆಲ್ಲ ಮದುವೆಗೋ ಸುಬ್ರಹ್ಮಣ್ಯದ ಷಷ್ಠಿಗೋ ಹೊರಟರೆ, ಒಬ್ಬ ನೆಂಟರು ಬಂದು ಹಿಂದೆ ಉಳಿಯುತ್ತಿದ್ದರು. ಹಸುವಿನ ಹಾಲು ಕರೆಯಬೇಕು, ತುಳಸಿಕಟ್ಟೆಗೆ ದೀಪ ಇಡಬೇಕು, ಅಂಗಳದಲ್ಲಿ ಹರಡಿದ ಅಡಿಕೆಗೆ ಮಳೆ ಬಾರದಂತೆ ನೋಡಬೇಕು. ನಮ್ಮ ಬಂಧುಬಳಗದಲ್ಲಿ ಹಾಗೆ ಉಳಿಯುತ್ತಿದ್ದವರು ನನ್ನ ಅಮ್ಮ. ದೊಡ್ಡಪ್ಪನವರು ಕಾಶಿಗೆ ಹೋದಾಗ ಅವರ ಮನೆ ಕಾದದ್ದು ಅಮ್ಮ. ಚಿಕ್ಕಮ್ಮನವರು ತಿರುಪತಿಗೆ ಹೋದಾಗಲೂ ಅಮ್ಮನೇ. ಯಾರು ಕೇಳಿದರೂ ಅವರದು ಒಂದೇ ಮಾತು: "ನೀವೆಲ್ಲ ಹೋಗಿ ಬನ್ನಿ, ನಾನಿದ್ದೇನಲ್ಲ." ಎಪ್ಪತ್ತೆರಡು ವರ್ಷಗಳಲ್ಲಿ ಅವರು ಮಾಡಿದ ಪ್ರವಾಸವೆಂದರೆ ಬೇರೆ ಬೇರೆ ಮನೆಗಳ ಅಡುಗೆಕೋಣೆಗಳಿಗೆ. ಒಂದು ವರ್ಷ ನಮ್ಮ ಅಡುಗೆಮನೆಯ ಗೋಡೆಯಲ್ಲಿ ದೀಪಾಲಂಕಾರದ ಮೈಸೂರು ಅರಮನೆಯ ಕ್ಯಾಲೆಂಡರು ತೂಗುತ್ತಿತ್ತು. ವರ್ಷ ಮುಗಿದು ಹೊಸತು ಬಂದರೂ ಅಮ್ಮ ಅದನ್ನು ತೆಗೆಯಲು ಬಿಡಲಿಲ್ಲ. ಗೆಳೆಯನಿಗೆ ನಾನು "ಹೂಂ" ಎಂದದ್ದು ಆ ಕ್ಯಾಲೆಂಡರಿನ ನೆನಪಿನಿಂದ.

ಪರರ ನಾಯಿಯನ್ನು ನೋಡಲು ಹೋಗುವವರು ಸ್ವಂತ ಹಸುವನ್ನು ಪರರಿಗೆ ಒಪ್ಪಿಸಬೇಕಾಯಿತು! ನೆರೆಮನೆಯವರು ಸಂತೋಷದಿಂದ ಒಪ್ಪಿದರು. ಮೇ 13ರ ಸೋಮವಾರ ಬೆಳಗ್ಗೆ ಹೊರಟೆವು. ಚೆರ್ಕಳ, ಮುಳ್ಳೇರಿಯ ದಾಟಿ ಜಾಲ್ಸೂರಿಗೆ ಬರುತ್ತಲೇ ಕಿಟಕಿಯ ಬಳಿ ಕುಳಿತ ಮಗ ಅಂಗಡಿಗಳ ಫಲಕಗಳನ್ನು ಗಟ್ಟಿಯಾಗಿ ಓದತೊಡಗಿದ. "ಅಪ್ಪ, ಇಲ್ಲಿ ಎಲ್ಲವೂ ನಮ್ಮ ಪಾಠಪುಸ್ತಕದ ಅಕ್ಷರ!" ಎಂದ. 1956ರಲ್ಲಿ ಕೇರಳಕ್ಕೆ ಸೇರಿದ ನೆಲದಲ್ಲಿ ಕನ್ನಡ ಕಲಿಯುವ ಮಗುವಿಗೆ ಅದೊಂದು ಸೋಜಿಗ. ಸುಳ್ಯ, ಮಡಿಕೇರಿ, ಹುಣಸೂರು ಕಳೆದು ಮೈಸೂರು ಸೇರುವವರೆಗೂ ಅವನ ಓದು ನಿಲ್ಲಲಿಲ್ಲ.

ಗೆಳೆಯನ ಮನೆ ಕುವೆಂಪುನಗರದಲ್ಲಿ. ನಾಯಿಯ ಹೆಸರು ಮೋತಿ. ಜಾತಿನಾಯಿಯೇನಲ್ಲ, ಬೀದಿಯಲ್ಲಿ ಸಿಕ್ಕಿದ ಮರಿ, ಏಳು ವರ್ಷದ್ದು. ಗೆಳೆಯ ಒಂದು ನೋಟುಪುಸ್ತಕದಲ್ಲಿ ಎಲ್ಲವನ್ನೂ ಬರೆದಿಟ್ಟಿದ್ದ. ಊಟ ಬೆಳಗ್ಗೆ ಏಳಕ್ಕೆ, ಸಂಜೆ ಆರಕ್ಕೆ. ಚಾಕೊಲೇಟು, ದ್ರಾಕ್ಷಿ, ಈರುಳ್ಳಿ ಕೊಡಲೇಬಾರದು; ಅವು ನಾಯಿಗೆ ವಿಷ. ಹುಚ್ಚುನಾಯಿ ರೋಗದ ಚುಚ್ಚುಮದ್ದಿನ ಕಾರ್ಡು ಕಪಾಟಿನಲ್ಲಿದೆ. ಪಶುವೈದ್ಯರ ಸಂಖ್ಯೆ ಇದು, ಪಕ್ಕದ ಮನೆಯವರದು ಇದು. ಕೊನೆಯ ಸಾಲು: "ಬೆಟ್ಟದ ಮೇಲೆ ಫೋನು ಸಿಗಲಾರದು. ಏನೇ ಬಂದರೂ ನಿನ್ನ ನಿರ್ಧಾರವೇ ನನ್ನ ನಿರ್ಧಾರ." ಜೊತೆಗೆ ಒಂದು ಲಕೋಟೆಯಲ್ಲಿ ಸ್ವಲ್ಪ ಹಣ. ಆ ಸಾಲನ್ನು ಓದಿದಾಗ ನನಗೆ ಹೆಮ್ಮೆಗಿಂತ ಹೆದರಿಕೆಯೇ ಹೆಚ್ಚಾಯಿತು.

ಯಜಮಾನರು ಹೊರಟ ದಿನ ಮೋತಿ ಊಟ ಮುಟ್ಟಲಿಲ್ಲ. ಗೇಟಿನ ಬಳಿಯೇ ಮಲಗಿತು. ಅಮ್ಮ ಗೆಳೆಯನ ಹಳೆಯ ಬೈರಾಸೊಂದನ್ನು ತಂದು ಅದರ ಹಾಸಿಗೆಯ ಮೇಲೆ ಹಾಸಿದರು. ಪರಿಚಿತ ವಾಸನೆಗೆ ಸಮಾಧಾನವಾಯಿತೋ ಏನೋ, ಮರುದಿನ ಬೆಳಗ್ಗೆ ಬಟ್ಟಲು ಖಾಲಿಯಾಗಿತ್ತು.

ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಮನೆ ಬಿಡಬಾರದೆಂದು ನಾವೇ ಒಂದು ನಿಯಮ ಮಾಡಿಕೊಂಡೆವು. ಮೊದಲು ಇದು ಬಂಧನವೆನಿಸಿತು. ಒಂದೇ ದಿನದಲ್ಲಿ ಎಂಟು ಸ್ಥಳ ನೋಡಿ, ಯಾವುದು ಯಾವುದೆಂದು ಮರೆಯುವುದು ನಮ್ಮ ಶಾಲಾ ಪ್ರವಾಸಗಳ ರೂಢಿಯಲ್ಲವೇ? ಇಲ್ಲಿ ದಿನಕ್ಕೆ ಒಂದೇ ಸ್ಥಳ. ಮಂಗಳವಾರ ಮೃಗಾಲಯಕ್ಕೆ ಹೋಗಿ, ಅದು ವಾರದ ರಜೆಯೆಂದು ತಿಳಿದು ಮರಳಿದೆವು. ಮರುದಿನ ಮತ್ತೆ ಹೋದೆವು. 1892ರಲ್ಲಿ ಆರಂಭವಾದ ಆ ಮೃಗಾಲಯದಲ್ಲಿ ಮಕ್ಕಳು ಜಿರಾಫೆಯ ಮುಂದೆಯೇ ಅರ್ಧ ಗಂಟೆ ನಿಂತರು. ಅವಸರಪಡಿಸುವ ಬಸ್ಸು ಹೊರಗಿರಲಿಲ್ಲ. ಒಂದು ಬೆಳಗ್ಗೆ ದೇವರಾಜ ಮಾರುಕಟ್ಟೆ. ಅಲ್ಲಿ ಅಮ್ಮ ಮೈಸೂರು ಚಿಗುರೆಲೆಯನ್ನು ಬೆಳಕಿಗೆ ಹಿಡಿದು ನೋಡಿ, "ಎಲೆ ಇವರದ್ದು, ಅಡಿಕೆ ನಮ್ಮದು ಆದರೆ ಸರಿ" ಎಂದು ತೀರ್ಪು ಕೊಟ್ಟರು. ಇನ್ನೊಂದು ದಿನ ಬಸ್ಸಿನಲ್ಲಿ ಚಾಮುಂಡಿ ಬೆಟ್ಟಕ್ಕೆ ಹೋಗಿ ದೇವಿಯ ದರ್ಶನ ಮಾಡಿದೆವು. ಬರುವಾಗ ಒಂದೇ ಕಲ್ಲಿನ ಆ ಬೃಹತ್ ನಂದಿಯನ್ನು ಅಮ್ಮ ಸುತ್ತು ಹಾಕಿ ನೋಡಿದರು.

ನಾನೊಬ್ಬನೇ ಹೋಗಿ ನೋಡಿದ ಸ್ಥಳವೂ ಒಂದುಂಟು. ಅದು 1891ರಲ್ಲಿ ಸ್ಥಾಪನೆಯಾದ ಪ್ರಾಚ್ಯವಿದ್ಯಾ ಸಂಶೋಧನಾಲಯ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿದ್ದು ಅಲ್ಲಿಯೇ. 1909ರಲ್ಲಿ ಅದು ಅಚ್ಚಾಯಿತು. ಎಷ್ಟೋ ಶತಮಾನ ಯಾರ್ಯಾರೋ ತಮ್ಮ ಮನೆಗಳಲ್ಲಿ ಗೆದ್ದಲು ಹಿಡಿಯದಂತೆ ಕಾದಿಟ್ಟದ್ದರಿಂದಲೇ ಅಲ್ಲವೇ ಆ ಗ್ರಂಥ ನಮಗೆ ದೊರೆತದ್ದು? ಹಾಗೆ ಕಾದವರ ಹೆಸರು ಯಾವ ಪಾಠದಲ್ಲೂ ಇಲ್ಲ.

ಅರಮನೆಯನ್ನು ಮಾತ್ರ ಭಾನುವಾರಕ್ಕೆಂದು ಉಳಿಸಿದ್ದೆವು. ಮರದ ಹಳೆಯ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾದ ಬಳಿಕ, ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ಯೋಜನೆಯಂತೆ ಕಟ್ಟಿ 1912ರಲ್ಲಿ ಮುಗಿಸಿದ ಅರಮನೆ ಅದು. ಭಾನುವಾರಗಳಲ್ಲೂ ಸರಕಾರಿ ರಜಾದಿನಗಳಲ್ಲೂ ಸಂಜೆ ಸುಮಾರು ಒಂದು ಲಕ್ಷ ವಿದ್ಯುದ್ದೀಪಗಳು ಒಮ್ಮೆಲೇ ಬೆಳಗುತ್ತವೆ. ನಮ್ಮ ಹತ್ತು ದಿನಗಳಲ್ಲಿ ಬರುತ್ತಿದ್ದ ಭಾನುವಾರ ಒಂದೇ, ಮೇ 19.

ಶನಿವಾರ ಸಂಜೆ ಮೋತಿ ಮತ್ತೆ ಊಟ ಬಿಟ್ಟಿತು. "ಯಜಮಾನರ ನೆನಪಾಗಿರಬೇಕು" ಎಂದೆ ನಾನು. ಹಸು ಸಾಕಿದ ಅಮ್ಮ ಹಾಗೆನ್ನಲಿಲ್ಲ. ನಾಯಿಯ ತುಟಿ ಎತ್ತಿ ನೋಡಿ, "ಒಸಡು ಬಿಳಿಚಿಕೊಂಡಿದೆ" ಎಂದರು. ಕಿವಿಯ ಹಿಂದೆ ತಡಕಿದಾಗ ನಾಲ್ಕು ಉಣುಗು ಸಿಕ್ಕಿದವು. ಗೆಳೆಯನಿಗೆ ಫೋನು ಹೋಗಲಿಲ್ಲ. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ನಂಬಿ ಬಿಟ್ಟುಹೋದ ಜೀವಕ್ಕೆ ಏನಾದರೂ ಆದರೆ ಯಾತ್ರೆಯಿಂದ ಬಂದವರಿಗೆ ಯಾವ ಮುಖ ತೋರಿಸಲಿ?

ಭಾನುವಾರ ಬೆಳಗ್ಗೆ ಪಕ್ಕದ ಮನೆಯವರ ನೆರವಿನಿಂದ ಪಶುವೈದ್ಯರಲ್ಲಿಗೆ ಒಯ್ದೆವು. ರಕ್ತ ಪರೀಕ್ಷಿಸಿ, ಉಣುಗಿನಿಂದ ಹರಡುವ ಜ್ವರವೆಂದರು. ರಕ್ತದೊಳಗಿನ ರೋಗಾಣುವಿನಿಂದ ಬರುವ ಈ ಜ್ವರವನ್ನು ಆರಂಭದಲ್ಲೇ ಗುರುತಿಸಿದರೆ ಮಾತ್ರೆಗಳಿಂದ ಗುಣವಾಗುತ್ತದೆ, ತಡಮಾಡಿದರೆ ಪ್ರಾಣಕ್ಕೇ ಅಪಾಯ. ಗ್ಲೂಕೋಸು ಏರಿಸಿ, ಮೂರು ನಾಲ್ಕು ವಾರಗಳ ಮಾತ್ರೆ ಬರೆದುಕೊಟ್ಟರು. "ಇವತ್ತು ಒಬ್ಬರು ಪಕ್ಕದಲ್ಲೇ ಇರಬೇಕು, ಆಗಾಗ ನೀರು ಕುಡಿಸಬೇಕು" ಎಂದರು.

ಸಂಜೆ ಐದು ಗಂಟೆಯಾಯಿತು. ಮಕ್ಕಳು ಸಿದ್ಧರಾಗಿದ್ದರು. ಅಮ್ಮ ಪೆಟ್ಟಿಗೆಯ ಅಡಿಯಿಂದ ತೆಗೆದ ಉಡುಪಿ ಸೀರೆಯನ್ನು ಉಟ್ಟಿದ್ದರು. ನಾಯಿಯನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿ, ಅದೇ ಮಾತು ಹೇಳಿದರು: "ನೀವೆಲ್ಲ ಹೋಗಿ ಬನ್ನಿ. ನಾನಿದ್ದೇನಲ್ಲ."

ನಾಚಿಕೆಯ ಸಂಗತಿಯೆಂದರೆ, ಆ ಮಾತು ಕೇಳಿ ನಾನು ಚಪ್ಪಲಿ ಮೆಟ್ಟಿಕೊಂಡೆ. ನಲವತ್ತು ವರ್ಷ ಕೇಳಿ ಅಭ್ಯಾಸವಾದ ಮಾತು. ಅದರ ಹಿಂದೆ ಒಂದು ಆಸೆ ಇರಬಹುದೆಂದು ಯೋಚಿಸುವುದೇ ನನಗೆ ಮರೆತುಹೋಗಿತ್ತು. ತಡೆದವಳು ಮಗಳು. "ಅಪ್ಪ, ಅಜ್ಜಿಗೆ ಅರಮನೆ ತೋರಿಸಬೇಕೆಂದಲ್ಲವೇ ನಾವು ಬಂದದ್ದು?" ಎಂದಳು. ನಾನು ಚಪ್ಪಲಿ ಕಳಚಿದೆ. ಅಮ್ಮ ಸುಲಭಕ್ಕೆ ಒಪ್ಪಲಿಲ್ಲ. "ನಿನಗೆ ನಾಯಿಯ ವಿಷಯ ಏನು ಗೊತ್ತು?" ಎಂದರು. ಎಷ್ಟು ಹೊತ್ತಿಗೆ ನೀರು, ಎಷ್ಟು ಗಂಜಿತಿಳಿ, ಯಾವ ಮಗ್ಗುಲಿಗೆ ಮಲಗಿಸುವುದು ಎಂದು ಮೂರು ಸಲ ಹೇಳಿ ಗೇಟಿನವರೆಗೆ ಹೋದರು. ನಾಲ್ಕನೆಯ ಸಲ ಹೇಳಲು ಮರಳಿ ಬಂದರು. ಕೊನೆಗೆ ಮೊಮ್ಮಗ ಕೈ ಹಿಡಿದೆಳೆದ ಮೇಲೆ ಹೊರಟರು.

ಖಾಲಿ ಮನೆಯಲ್ಲಿ ನಾನೂ ಮೋತಿಯೂ ಉಳಿದೆವು. ಕಾಲು ಗಂಟೆಗೊಮ್ಮೆ ಚಮಚದಲ್ಲಿ ನೀರು ಕೊಟ್ಟೆ. ಏಳು ಗಂಟೆಗೆ, ಈಗ ದೀಪ ಹೊತ್ತಿರಬೇಕು ಎಂದುಕೊಂಡೆ. ಉಳಿದವರೆಲ್ಲ ಸಂತೋಷದಲ್ಲಿರುವಾಗ ಒಬ್ಬನೇ ಗಡಿಯಾರ ನೋಡುತ್ತ ಕುಳಿತಿರುವುದು ಹೇಗಿರುತ್ತದೆಂದು ನನಗೆ ತಿಳಿದದ್ದು ಅಂದು. ದುಃಖವೇನೂ ಅಲ್ಲ, ಆದರೆ ಹೊತ್ತು ಬಹಳ ಉದ್ದವಾಗಿರುತ್ತದೆ. ಅಂಥ ಸಂಜೆಗಳು ಅಮ್ಮನಿಗೆ ಎಷ್ಟು ಕಳೆದಿರಬಹುದು ಎಂದು ಎಣಿಸಲು ಹೊರಟು, ಎಣಿಸಲಾರದೆ ಬಿಟ್ಟೆ.

ಒಂಬತ್ತು ಗಂಟೆಗೆ ಎಲ್ಲರೂ ಬಂದರು. ಅಮ್ಮನ ಮೊದಲ ಪ್ರಶ್ನೆ, "ನೀರು ಕುಡಿಯಿತಾ?" ಕುಡಿದಿದೆ ಎಂದ ಮೇಲೆಯೇ ಕುಳಿತರು. "ಅರಮನೆ ಹೇಗಿತ್ತು?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಕ್ಯಾಲೆಂಡರಿನಲ್ಲಿ ಇದ್ದದ್ದು ಏನೂ ಅಲ್ಲ ಮಗಾ" ಎಂದರು. ಇನ್ನೂ ಸ್ವಲ್ಪ ಹೊತ್ತಿನ ಮೇಲೆ, "ಅಷ್ಟು ದೀಪಗಳನ್ನು ಒರೆಸುವವರು ಯಾರು?" ಎಂದು ಕೇಳಿದರು. ಜೀವಮಾನವಿಡೀ ಮನೆ ನೋಡಿಕೊಂಡವರಿಗೆ ಮಾತ್ರ ಹೊಳೆಯುವ ಪ್ರಶ್ನೆ ಅದು. ನನ್ನಲ್ಲಿ ಉತ್ತರವಿರಲಿಲ್ಲ.

ಮೋತಿ ಮಂಗಳವಾರ ಎದ್ದು ಓಡಾಡಿತು. ಗುರುವಾರ ಗೆಳೆಯ ಮರಳಿದಾಗ ಅದು ಬಾಲ ಆಡಿಸುತ್ತ ಗೇಟಿಗೆ ಹಾರಿತು. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ವೈದ್ಯರ ಚೀಟಿ, ಔಷಧದ ಲೆಕ್ಕ, ಉಳಿದ ಹಣ ಎಲ್ಲವನ್ನೂ ಒಪ್ಪಿಸಿದೆ. ಒಡೆದ ಒಂದು ಪಿಂಗಾಣಿ ಬಟ್ಟಲಿನ ಸುದ್ದಿಯನ್ನೂ ಮುಚ್ಚಿಡದೆ ಹೇಳಿದೆ. ಗೆಳೆಯನ ಹೆಂಡತಿ ಅಮ್ಮನ ಕೈಗೆ ಬದರಿಯ ಪ್ರಸಾದವಿತ್ತು ನಮಸ್ಕರಿಸಿದರು. ಅದೇ ವರ್ಷ ಡಿಸೆಂಬರಿನಲ್ಲಿ ಅವರು ರಜೆ ಹಾಕಿ ನಮ್ಮ ಮನೆಗೆ ಬಂದು ನಿಂತರು. ಬೇಕಲ ಕೋಟೆ, ಕಡಲು ಎಲ್ಲ ಅವರ ಪಾಲಿಗೆ. ನಮ್ಮ ಹಸುವೂ ಅವರ ಪಾಲಿಗೆ! ಆ ನಾಲ್ಕು ದಿನ ನಾವು ಅಮ್ಮನನ್ನು ಬೇಲೂರು, ಹಳೇಬೀಡಿಗೆ ಕರೆದುಕೊಂಡು ಹೋದೆವು.

ಇಂಥ ಪ್ರವಾಸಕ್ಕೆ ಹಣ ಕಡಿಮೆ ಸಾಕು. ಆದರೆ ಪುಕ್ಕಟೆಯೆಂದು ತಿಳಿಯಬೇಡಿ. ಹಣ ಕೊಡದೆ ಉಳಿದದ್ದನ್ನು ಎಚ್ಚರದಿಂದ, ಸಮಯದಿಂದ, ಕೆಲವೊಮ್ಮೆ ನಿದ್ದೆಯಿಂದ ಸಲ್ಲಿಸಬೇಕಾಗುತ್ತದೆ. ಏನು ಮಾಡಬೇಕೆಂಬುದನ್ನು ಎರಡೂ ಕಡೆಯವರು ಮೊದಲೇ ಬರೆದಿಟ್ಟುಕೊಳ್ಳಬೇಕು. ಪ್ರಾಣಿಗಳ ಮೇಲೆ ಪ್ರೀತಿಯಿಲ್ಲದವರು ಈ ದಾರಿಗೆ ಬರಬಾರದು.

ಪ್ರಿಯ ವಿದ್ಯಾರ್ಥಿಗಳೇ, ಬರುವ ಸಲ ನೀವು ಶಾಲಾ ಪ್ರವಾಸಕ್ಕೋ ಮದುವೆಗೋ ಹೊರಟಾಗ, ನಿಮ್ಮ ಮನೆಯಲ್ಲಿ "ನಾನಿದ್ದೇನಲ್ಲ" ಎನ್ನುವವರು ಯಾರೆಂದು ಒಮ್ಮೆ ತಿರುಗಿ ನೋಡಿ. ಒಂದು ಸಲವಾದರೂ ಆ ಮಾತನ್ನು ಅವರಿಗಿಂತ ಮೊದಲು ನೀವು ಹೇಳಿ.