ಅತ್ತೆಯ ಪಿಂಚಣಿ, ನಮ್ಮನೆಯವರ ಎನ್‌ಪಿಎಸ್ಸು

ತಿಂಗಳ ಮೊದಲ ವಾರ ಬಂದ್ರೆ ನಮ್ಮತ್ತೆ ಬೆಳಗ್ಗೇನೇ ತಲೆ ಬಾಚ್ಕೊಂಡು ಪಾಸ್‌ಬುಕ್ ಹಿಡ್ಕೊಂಡು ಕೂತಿರ್ತಾರೆ. ಮಾವ ಮೇಷ್ಟ್ರಾಗಿದ್ದೋರು. ಅವ್ರು ಹೋಗಿ ಹನ್ನೊಂದು ವರ್ಷ ಆಯ್ತು, ಕುಟುಂಬ ಪಿಂಚಣಿ ಮಾತ್ರ ತಪ್ಪಿಲ್ಲ. ತುಟ್ಟಿಭತ್ಯೆ ಏರಿದಾಗೆಲ್ಲ ಅದೂ ಏರ್ತೈತೆ. ಮೊಮ್ಮಕ್ಕಳ ಉಗಾದಿ ಬಟ್ಟೆ, ತಮ್ಮ ಬಿಪಿ ಮಾತ್ರೆ, ಎಲ್ಲಾ ಅದ್ರಾಗೇ. ಯಾರ ಮುಂದೂ ಕೈ ಚಾಚಲ್ಲ.

ನಮ್ಮನೆಯವ್ರೂ ಸರ್ಕಾರಿ ನೌಕರ್ರೇ, ಆದ್ರೆ ಸೇರಿದ್ದು 2008ರಲ್ಲಿ. ನಮ್ಮ ರಾಜ್ಯದಾಗೆ 2006ರ ಏಪ್ರಿಲ್ 1ರಿಂದ ಈಚೆ ಸೇರಿದೋರಿಗೆ ಹಳೇ ಪಿಂಚಣಿ ಇಲ್ಲ, ಎನ್‌ಪಿಎಸ್ಸು. ಆ ತಾರೀಖಿಗೆ ಮುಂಚೆ ಅರ್ಜಿ ಕರೆದು ಆಮೇಲೆ ಕೆಲ್ಸ ಕೊಟ್ಟ ಸುಮಾರು 13,000 ಜನಕ್ಕೆ ಹಳೇದನ್ನೇ ಕೊಡ್ತೀವಿ ಅಂತ 2024ರಲ್ಲಿ ಸರ್ಕಾರ ಹೇಳ್ತು. ನಾನು ಟ್ರಂಕಿನಾಗಿದ್ದ ಕಾಗದ ಎಲ್ಲಾ ಹೊರಗೆ ಸುರುವಿ ಹುಡುಕಿದೆ. ಇವ್ರನ್ನ ಕರೆದಿದ್ದು 2007ರಲ್ಲಿ. ಮತ್ತೆ ಮಡಚಿಟ್ಟೆ.

ಇವ್ರ ಸಂಬಳದಾಗೆ ನೂರಕ್ಕೆ 10 ಹಿಡೀತಾರೆ, ಸರ್ಕಾರ 14 ಸೇರಿಸ್ತೈತೆ. ಆ ದುಡ್ಡು ಷೇರು, ಬಾಂಡು ಅಂತ ಬೆಳೆದಷ್ಟು ಬೆಳೀತೈತೆ. ರಿಟೈರಾದಾಗ ನೂರಕ್ಕೆ 60 ಕೈಗೆ, ಉಳಿದ 40ರಾಗೆ ತಿಂಗಳ ಪಿಂಚಣಿ ಕೊಂಡ್ಕೋಬೇಕು. ಕ್ಯಾಲೆಂಡರ್ ಹಿಂದೆ ಲೆಕ್ಕ ಹಾಕಿದೆ. ಒಟ್ಟು 30 ಲಕ್ಷ ಆಯ್ತು ಅಂತ ಇಟ್ಕೊಳ್ಳಿ. ಅದ್ರಾಗೆ 12 ಲಕ್ಷಕ್ಕೆ ವರ್ಷಕ್ಕೆ ನೂರಕ್ಕೆ ಆರು ಅಂತ ಹಿಡಿದ್ರೆ ತಿಂಗ್ಳಿಗೆ 6,000. ತುಟ್ಟಿಭತ್ಯೆ ಅನ್ನೋದು ಅದಕ್ಕಿಲ್ಲ.

ಜಗಳ ಇರೋದು ಮಿಕ್ಕ 18 ಲಕ್ಷಕ್ಕೆ. ರಿಟೈರಾಗಕ್ಕೆ ಇನ್ನೂ ನಾಕು ವರ್ಷ ಐತೆ, ದುಡ್ಡು ಆಗಲೇ ಖರ್ಚಾಗೈತೆ! ಇವ್ರಿಗೆ ಮೇಲೊಂದು ಮಹಡಿ ಎಬ್ಬಿಸೋ ಆಸೆ. "ಹಳೇ ಪಿಂಚಣಿ ಬಂದೇ ಬರ್ತೈತೆ ಕಣೇ, ಸಂಘದೋರು ಬಿಡಲ್ಲ" ಅಂತಾರೆ. ಬರ್ಲಿ, ಕೇರಿಗೆಲ್ಲ ಹೋಳಿಗೆ ಹಂಚ್ತೀನಿ. ಆದ್ರೆ ನಾನು ಹಿರಿಯೂರು ಕಡೆ ತೋಟದ ಮನೆಯಾಗೆ ಬೆಳೆದೋಳು. ಮಾರಿಕಣಿವೆ 1933ರಲ್ಲಿ ಕೋಡಿ ಬಿದ್ದಿದ್ದು, ಮತ್ತೆ ಬಿದ್ದಿದ್ದು 2022ಕ್ಕೆ. "ಮುಂದಿನ ವರ್ಷ ತುಂಬ್ತೈತೆ ಬಿಡು" ಅಂತ ನಮ್ಮಪ್ಪ ತೆಂಗು ಒಣಗೋವರೆಗೂ ಕಾದ್ರು. ಕೋಡಿ ನೀರು ನೋಡಕ್ಕೆ ಅವ್ರೇ ಇರ್ಲಿಲ್ಲ.

ಇನ್ನೊಂದು ಮಾತು, ನಿಮ್ಮನೆಯವ್ರದ್ದೂ ಎನ್‌ಪಿಎಸ್ಸಾದ್ರೆ ಇವತ್ತೇ ಕೇಳಿ. ಪಿಂಚಣಿ ಕೊಳ್ಳೋವಾಗ ಗಂಡನ ಕಾಲಾನಂತರ ಹೆಂಡ್ತಿಗೂ ಬರೋ ಥರದ್ದು ಐತೆ, ಅದನ್ನೇ ಹಿಡೀಬೇಕು. ನಾಮಿನಿ ಯಾರು ಅಂತಾನೂ ನೋಡಿ. ನಮ್ಮದ್ರಾಗೆ ನೋಡಿದ್ರೆ ಅತ್ತೆ ಹೆಸ್ರು! ನಾನು ಒಂದು ದಿನ ಮಾತೇ ಆಡ್ಲಿಲ್ಲ. ಕೊನೆಗೆ ಅತ್ತೆನೇ ಮಗನ್ನ ಕೂಗಿ, "ನಂಗೆ ನಿಮ್ಮಪ್ಪ ಇಟ್ಟು ಹೋಗ್ಯಾರೆ ಕಣೋ, ಇವಳಿಗೆ ನೀನು ಏನಿಟ್ಟಿದ್ದೀಯ?" ಅಂದ್ರು.

ಸೋಮವಾರ ಹೋಗಿ ಹೆಸ್ರು ಬದಲಾಯಿಸೋ ಅರ್ಜಿ ಕೊಟ್ಟು ಬಂದ್ರು. ಮಹಡಿ ಮಾತು ಇನ್ನೂ ನಡೀತಾ ಐತೆ.