ಬರಿಗಾಲಿನ ಗೆನ್

ಕಥೆಯೊಂದು ಲೋಕದಲ್ಲಿ ಬಾಳುವುದು ಕರ್ತೃವಿನ ಪ್ರತಿಭೆಯೊಂದರಿಂದಲೇ ಅಲ್ಲ; ಅದನ್ನು ಹೊತ್ತು ಮನೆಮನೆಗೆ ಮುಟ್ಟಿಸುವವರ ಶ್ರದ್ಧೆಯೂ ಅದಕ್ಕೆ ಬೇಕು. ಜಪಾನ್ ದೇಶದಲ್ಲಿ 'ಮಂಗಾ' ಎಂದು ಹೆಸರಾದ ಚಿತ್ರಕಥೆಗಳ ವೃತ್ತಾಂತವು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ.

ಮಂಗಾ ಸಾಮಾನ್ಯವಾಗಿ ಮೊದಲೇ ಗ್ರಂಥರೂಪವನ್ನು ತಾಳುವುದಿಲ್ಲ. ಅಗ್ಗದ ಕಾಗದದ ಮೇಲೆ ಅಚ್ಚಾಗುವ ದಪ್ಪ ವಾರಪತ್ರಿಕೆಗಳಲ್ಲಿ ಸುಮಾರು ಇಪ್ಪತ್ತು ಪುಟಗಳ ಕಂತುಗಳಾಗಿ ಹೊರಬೀಳುತ್ತದೆ. 1968ರಲ್ಲಿ ಹುಟ್ಟಿದ 'ಶೋನೆನ್ ಜಂಪ್' ಎಂಬ ಬಾಲಕರ ಪತ್ರಿಕೆಯು 1990ರ ದಶಕದ ನಡುವೆ ಒಂದು ಸಂಚಿಕೆಗೆ 65 ಲಕ್ಷ ಪ್ರತಿಗಳನ್ನು ಮೀರಿತು. ಸಂಚಿಕೆಯೊಡನೆ ಬರುವ ಕಾರ್ಡಿನಲ್ಲಿ ಬಾಲಕರು ತಮಗೆ ಮೆಚ್ಚಿಕೆಯಾದ ಕಥೆಗಳನ್ನು ಸೂಚಿಸಿ ಕಳುಹುತ್ತಿದ್ದರು. ಹರಿದಾಸರು ಸಭೆಯ ಮುಖವನ್ನು ನೋಡಿ ಉಪಕಥೆಯನ್ನು ಹಿಗ್ಗಿಸುವರು, ಇಲ್ಲವೆ ಕುಗ್ಗಿಸುವರು. ಇಲ್ಲಿಯಾದರೋ ಮೆಚ್ಚಿಕೆ ದೊರೆಯದ ಕಥೆಯು ಹತ್ತಾರು ವಾರಗಳಲ್ಲಿಯೇ ಮುಗಿದುಹೋಗುವುದುಂಟು.

ಉಳಿದ ಕಥೆಯ ಒಂಬತ್ತು ಹತ್ತು ಕಂತುಗಳು ಕೂಡಿ ಸುಮಾರು ಇನ್ನೂರು ಪುಟಗಳ 'ಟ್ಯಾಂಕೋಬೊನ್' ಎಂಬ ಸಂಪುಟವಾಗುತ್ತವೆ. ಓದಿದ ಪತ್ರಿಕೆಯನ್ನು ಜನರು ಬಿಸುಡುವರು, ಸಂಪುಟವನ್ನು ಕಪಾಟಿನಲ್ಲಿರಿಸುವರು. ಪತ್ರಿಕೆಯಿಂದ ಚಿತ್ರಕಾರನಿಗೆ ಪುಟದ ಲೆಕ್ಕದಲ್ಲಿ ಸಂಭಾವನೆ, ಸಂಪುಟದಿಂದ ಗೌರವಧನ. ಅನಂತರ ಪರದೇಶದ ಪ್ರಕಾಶಕರು ನಿಯತಕಾಲಕ್ಕೆ ಅನುವಾದದ ಹಕ್ಕನ್ನು ಕೊಂಡು ತಮ್ಮ ಭಾಷೆಯಲ್ಲಿ ಪ್ರಕಟಿಸುವರು. ಜಪಾನೀಯರ ಪುಸ್ತಕವನ್ನು ಬಲದಿಂದ ಎಡಕ್ಕೆ ಓದಬೇಕಾದುದರಿಂದ, ಮೊದಲಿನ ಅನುವಾದಕರು ಪುಟಗಳನ್ನು ಕನ್ನಡಿಯ ಬಿಂಬದಂತೆ ತಿರುಗಿಸುತ್ತಿದ್ದರು. ಬಲಗೈಯ ವೀರರೆಲ್ಲ ಎಡಗೈಯವರಾಗುತ್ತಿದ್ದರು! 2002ರಿಂದೀಚೆಗೆ ಅಮೆರಿಕದಲ್ಲಿ ಮೂಲದ ಕ್ರಮವೇ ರೂಢಿಯಾಯಿತು.

ಈ ಏರ್ಪಾಡಿನೊಳಗೆ ಹುಟ್ಟಿ ಅದನ್ನು ಮೀರಿ ಬೆಳೆದ ಕಥೆಯೊಂದುಂಟು. 1945ರ ಆಗಸ್ಟ್ 6ರ ಬೆಳಗ್ಗೆ ಹಿರೋಷಿಮಾ ನಗರದ ಮೇಲೆ ಪರಮಾಣು ಬಾಂಬು ಬಿದ್ದಾಗ ಕೇಯಿಜಿ ನಕಾಜಾವಾ ಎಂಬ ಆರು ವರ್ಷದ ಬಾಲಕನು ಪಾಠಶಾಲೆಯ ಗೋಡೆಯ ಮರೆಯಿಂದ ಬದುಕಿ ಉಳಿದನು. ತಂದೆ, ಅಕ್ಕ, ತಮ್ಮ ಮೂವರೂ ಕುಸಿದ ಮನೆಯೊಳಗೆ ಸಿಕ್ಕಿ ಮಡಿದರು. ಬಾಲಕನು ಬೆಳೆದು ಚಿತ್ರಕಾರನಾದನು. ಆದರೆ ಆ ದಿನದ ಮಾತನ್ನು ಎತ್ತಲಿಲ್ಲ. 1966ರಲ್ಲಿ ತಾಯಿ ತೀರಿಕೊಂಡಳು. ದಹನಾನಂತರ ಅಸ್ಥಿಯನ್ನು ಆರಿಸುವ ಪದ್ಧತಿ ಅಲ್ಲಿಯೂ ಉಂಟು. ಮಗನು ಹೋಗಿ ನೋಡಿದರೆ ಎತ್ತಿಕೊಳ್ಳುವುದಕ್ಕೆ ಎಲುಬೇ ಇಲ್ಲ, ಬೂದಿ ಮಾತ್ರ. ಬಾಂಬಿನ ವಿಷವು ತಾಯಿಯ ಎಲುಬನ್ನೂ ಬಿಡಲಿಲ್ಲವೆಂದು ಬಗೆದು ಆತನು ಲೇಖನಿಯನ್ನು ಆ ಕಡೆಗೆ ತಿರುಗಿಸಿದನು.

'ಹದಾಶಿ ನೊ ಗೆನ್', ಎಂದರೆ 'ಬರಿಗಾಲಿನ ಗೆನ್', 1973ರಲ್ಲಿ ಮೇಲೆ ಹೇಳಿದ ಜಂಪ್ ಪತ್ರಿಕೆಯಲ್ಲಿಯೇ ಆರಂಭವಾಯಿತು. ಗೆನ್ ಎಂಬ ಅಕ್ಷರಕ್ಕೆ ಮೂಲವೆಂದು ಅರ್ಥ. ಮರುವರ್ಷ ಅದು ಅಲ್ಲಿ ನಿಂತಿತು. 1975ರಲ್ಲಿ ಬೇರೊಂದು ಪ್ರಕಾಶನವು ಅದನ್ನು ಗ್ರಂಥವಾಗಿಸಿತು. ಕಥೆಯು ಅಲ್ಪಪ್ರಸಾರದ ಪತ್ರಿಕೆಗಳಲ್ಲಿ ಆಶ್ರಯವನ್ನು ಅರಸುತ್ತ, ಕಡೆಗೆ ಉಪಾಧ್ಯಾಯರ ಸಂಘದ ಪತ್ರಿಕೆಯಲ್ಲಿ 1987ರ ವರೆಗೆ ನಡೆದು ಹತ್ತು ಸಂಪುಟಗಳಾಯಿತು. ಪರದೇಶಕ್ಕೆ ಅದನ್ನು ಮೊದಲು ಒಯ್ದವರು ವ್ಯಾಪಾರಿಗಳಲ್ಲ. 1976ರಲ್ಲಿ ಟೋಕಿಯೋದಲ್ಲಿ ಕೂಡಿದ ಸ್ವಯಂಸೇವಕರು ಇಂಗ್ಲಿಷಿಗೆ ತಿರುಗಿಸಿದರು. 1982ರಲ್ಲಿ ಎಸ್ಪೆರಾಂಟೋ ಭಾಷೆಗೂ ಬಂದಿತು.

ಇಷ್ಟಾದರೂ ಕಥೆಗೆ ನೆಮ್ಮದಿಯಿಲ್ಲ. 2012ರ ಡಿಸೆಂಬರಿನಲ್ಲಿ ನಕಾಜಾವಾ ಕಾಲವಾದರು. ಅದೇ ತಿಂಗಳು ಮಾತ್ಸುಯೆ ನಗರದ ಶಿಕ್ಷಣಮಂಡಲಿಯವರು, ಅದರಲ್ಲಿನ ಕ್ರೂರದೃಶ್ಯಗಳು ಮಕ್ಕಳಿಗೆ ತಕ್ಕವಲ್ಲವೆಂದು, ಶಾಲಾ ಪುಸ್ತಕಾಲಯಗಳಲ್ಲಿ ಅದನ್ನು ಒಳಗಿರಿಸುವಂತೆ ಹೇಳಿದರು. ದೇಶದಲ್ಲೆಲ್ಲ ಗದ್ದಲವಾಗಿ 2013ರ ಆಗಸ್ಟಿನಲ್ಲಿ ಆ ಸೂಚನೆ ರದ್ದಾಯಿತು. 2023ರಲ್ಲಿ ಹಿರೋಷಿಮಾ ನಗರದವರೇ ತಮ್ಮ ಶಾಂತಿಪಾಠದ ಪುಸ್ತಕದಿಂದ ಅದನ್ನು ತೆಗೆದರು.

ಎಳೆಯರಿಗೆ ಘೋರವನ್ನು ತೋರಿಸಬಹುದೇ ಎಂಬ ಶಂಕೆಯು ಹಿರಿಯರಿಗೆ ಸಹಜವಾದುದೇ. ಆದರೆ ಆ ಘೋರವನ್ನು ಕಂಡವನೂ ಎಳೆಯನೇ ಆಗಿದ್ದನು. ಅವನ ಕಣ್ಣನ್ನು ಯಾರೂ ಮುಚ್ಚಲಿಲ್ಲ. ಕಥೆಯಲ್ಲಿ ಗೆನ್ನನ ತಂದೆಯು ಮಗನಿಗೆ ಗೋಧಿಯ ಪೈರನ್ನು ತೋರಿಸಿ, ತುಳಿದಷ್ಟೂ ಬೇರೂರಿ ನೆಟ್ಟಗೆ ಏಳುವ ಅದರಂತೆ ಇರಬೇಕೆಂದು ಬೋಧಿಸುತ್ತಾನೆ. ಆ ಬೋಧೆಯನ್ನು ಮಗನಿಗಿಂತ ಮಿಗಿಲಾಗಿ ಪಾಲಿಸಿದುದು ಆ ಪುಸ್ತಕವೇ.